ಹಸಿರು ಪಟ್ಟಿ

೨ ಜೂನ್ ೨೦೨೫, ಸೋಮವಾರ, ಮಧುಗಿರಿ

ನೋಟೀಸು ಬಂದೇಬಿಟ್ಟಿತು. ಜುಲೈ ಮೂರಕ್ಕೆ ಕೊಳಾಲದ ಆಚೆ ಬಂಡೆಪಾಳ್ಯದ ಶಾಲೆಯ ಅಂಗಳದಲ್ಲಿ ಸಾರ್ವಜನಿಕ ವಿಚಾರಣೆ. ಅಲ್ಲಿನ ಜಲ್ಲಿ ಕ್ರಷರ್‌ನ ಪರವಾನಗಿಯನ್ನು ಮುಂದುವರಿಸಬಹುದೇ ಎಂದು ಜನರನ್ನು ಕೇಳುತ್ತಾರಂತೆ. ಕ್ರಷರ್ ಬಂದ ವರ್ಷವೂ ಕೇಳಿದ್ದರು. ಅವತ್ತು ನಾನು ಅಲ್ಲೇ ಕೂತಿದ್ದೆ. ದೂಳು ಬಿದ್ದರೆ ರಾಗಿ ತೆನೆ ಕಟ್ಟುವುದಿಲ್ಲ, ಬಾವಿ ನೀರು ಕೆಡುತ್ತದೆ ಎಂದು ಹೆಂಗಸರು ಎದ್ದು ನಿಂತು ಕೂಗಿದ್ದು ಇವತ್ತಿಗೂ ನೆನಪಿದೆ. ಆಮೇಲೆ ನಡವಳಿಯ ಪ್ರತಿ ತರಿಸಿ ನೋಡಿದರೆ ಒಂದೇ ಸಾಲು: ‘ಗ್ರಾಮಸ್ಥರು ಯೋಜನೆಯನ್ನು ಸ್ವಾಗತಿಸಿದರು.’

ಆ ಸಾಲನ್ನು ನಾನು ಮರೆತಿಲ್ಲ. ಬರೆದವರು ಬಡ್ತಿ ಪಡೆದು ನಿವೃತ್ತರಾದರು.

ಅದಕ್ಕೇ ಈ ಸಲ ನೇರಪ್ರಸಾರ. ಆಡಿದ ಮಾತು ಆ ಕ್ಷಣಕ್ಕೇ ಶಿರಾ, ಪಾವಗಡ, ಕೊರಟಗೆರೆ ಎಲ್ಲ ಕಡೆ ತಲುಪಿಬಿಟ್ಟರೆ ಯಾವ ಗುಮಾಸ್ತನೂ ಅದನ್ನು ಅಳಿಸಲಾರ. ಲ್ಯಾಪ್‌ಟಾಪ್ ಇದೆ, ಮೈಕಿದೆ, ತಾಲ್ಲೂಕು ಸಭೆಗಳನ್ನು ಪ್ರಸಾರ ಮಾಡಿ ಕೈಯೂ ಪಳಗಿದೆ.

ಬಂಡೆಪಾಳ್ಯಕ್ಕೆ ಹೋಗಿ ಮುನಿಯಮ್ಮನನ್ನು ಕಂಡು ಬಂದೆ. ಕ್ರಷರ್‌ಗೆ ಮೊದಲು ಕೆಲಸಕ್ಕೆ ಸೇರಿದ ತಂಡದಲ್ಲಿ ಈಗ ಬದುಕಿ ಉಳಿದಿರುವವರು ಅವರೊಬ್ಬರೇ. ಗಂಡ ರಂಗಯ್ಯ ಯಂತ್ರದ ಬಾಯಿಗೆ ಕಲ್ಲು ಕೊಡುತ್ತಿದ್ದವರು, ಕೆಮ್ಮಿ ಕೆಮ್ಮಿ ಹೋದರು. ಆಸ್ಪತ್ರೆಯ ಕಾಗದದಲ್ಲಿ ಕ್ಷಯ ಎಂದು ಬರೆದರು. ಉಳಿದವರಿಗೂ ಅದೇ ಕೆಮ್ಮು, ಅದೇ ಕಾಗದ. ಈಗ ಕಲ್ಲುಪುಡಿ ಮುನಿಯಮ್ಮನ ಎದೆಗೂ ಕೂತಿದೆ. ಪಕ್ಕದಲ್ಲೇ ಕೂತು ಕೇಳಬೇಕಾದಷ್ಟು ಸಣ್ಣ ದನಿ.

"ಒಬ್ಬೊಬ್ರು ಹೆಸ್ರೂ ಹೇಳ್ತೀನಿ ಕಣಮ್ಮ," ಎಂದರು. "ಯಾರ್ ಯಾರು ಹೆಂಗೆಂಗ್ ಹೋದ್ರು ಅಂತ. ನಾನು ಕಣ್ಣಾರೆ ಕಂಡಿವ್ನಿ. ಉಸ್ರು ಇರೋಗಂಟ ಒಂದ್ಸಲ ಹೇಳ್ಬುಡ್ತೀನಿ."

ಸೊಸೆ ದಾಸಮ್ಮ ಆಮೇಲೆ ಮದುವೆಯಾಗಿ ಬಂದವಳು. ಅವಳು ಹೇಳಿದರೆ ಅಂತೆಕಂತೆ ಎನ್ನುತ್ತಾರೆ. ಮುನಿಯಮ್ಮನೇ ಹೇಳಬೇಕು. ಅದು ಎಲ್ಲರಿಗೂ ಕೇಳಿಸಬೇಕು.

ಒಂದು ವಿಚಿತ್ರ. ಬಸ್ಸಿಳಿದರೆ ಎದೆಗೆ ಗುದ್ದುತ್ತಿದ್ದ ಕ್ರಷರ್ ಸದ್ದು ಇವತ್ತು ತೀರ ಕಮ್ಮಿ. ವಿಚಾರಣೆ ಹತ್ತಿರ ಬಂತೆಂದು ತಗಡಿನ ಹೊದಿಕೆ ಹಾಕಿರಬೇಕು.

೫ ಜೂನ್, ಗುರುವಾರ

ಹೊಸ ಮೈಕು ದರಿದ್ರದ್ದು. ಹಜಾರದಲ್ಲಿಟ್ಟು ಪರೀಕ್ಷೆ ಮಾಡಿದೆ. ತಂಗಿ ರಾಜಿಯನ್ನು ಎದುರಿಗೆ ಕೂರಿಸಿ ಪತ್ರಿಕೆ ಓದು ಎಂದೆ. ಹೆಡ್‌ಫೋನಿನಲ್ಲಿ ಬಾವಿಯ ತಳದಿಂದ ಬಂದ ಹಾಗೆ ಕೇಳಿಸಿತು. ದನಿ ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಪರವಾಗಿಲ್ಲ ಎನ್ನಿಸಿತು. ರಾಜಿ ತನ್ನ ಫೋನಿನಲ್ಲಿ ಅದನ್ನೇ ಹಾಕಿಕೊಂಡು ಕೇಳಿ, ಬೆಚ್ಚಿ ಫೋನನ್ನು ದೂರ ಹಿಡಿದಳು.

"ಅಕ್ಕಾ, ಒಡೆದೋಗ್ತೈತೆ ಕಣೇ! ನಾನು ಪೇಪರ್ ಓದ್ತಿದ್ದೀನೋ, ಹುರಿ ಗಡಿಗೇಲಿ ಜೋಳ ಹುರೀತಿದ್ದೀನೋ?"

ಅವಳ ಫೋನು ಹಳೆಯದು. ಅವಳಿಗೆ ಎಲ್ಲವೂ ಜೋರು. ಟಿ.ವಿ. ಹಾಕಿದರೂ ಅಷ್ಟೇ, "ಕಮ್ಮಿ ಮಾಡೇ, ಕೋಟೆ ಮೇಲಿರೋ ಕೋತಿಗಳೂ ನ್ಯೂಸ್ ಕೇಳ್ತಾವೆ" ಎನ್ನುತ್ತಾಳೆ.

ಸೆಟ್ಟಿಂಗಿನಲ್ಲಿ ಗದ್ದಲ ತಗ್ಗಿಸುವುದು ಎಂದೊಂದಿದೆ. ಫ್ಯಾನು, ಮೋಟಾರು, ಒಂದೇ ಸಮನೆ ಬರುವ ಯಾವ ಸದ್ದಿದ್ದರೂ ಅದು ನುಂಗಿಹಾಕುತ್ತದಂತೆ. ತೆಗೆದುಹಾಕಿದೆ. ಯಾವುದು ಮಾತು, ಯಾವುದು ಗದ್ದಲ ಎಂದು ತೀರ್ಮಾನಿಸಲು ಈ ಯಂತ್ರ ಯಾರು? ಅಧಿಕಾರಿಗಳು ಸಾಲದೇ?

೧೧ ಜೂನ್, ಬುಧವಾರ

ಶಿರಾಕ್ಕೆ ಹೋಗಿದ್ದೆ. ಕರೀಮ್ ಸಾಬರ ಮೈಕ್‌ಸೆಟ್ ಅಂಗಡಿ. ಮದುವೆ, ಉರುಸು, ಚುನಾವಣೆ ಎಲ್ಲಕ್ಕೂ ಅವರದೇ ಸೆಟ್. ಹಿಂದೆ ಇವರ ತಂದೆ ಮುಂಬಯಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದಾಗ ಜೋಡಿಸಿಕೊಡುತ್ತಿದ್ದವಳು ನಾನು. ಮಧುಗಿರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ನಾಲ್ಕು ತಾಲ್ಲೂಕಿನ ದನಿಗಳನ್ನು ತಂತಿಗೆ ಕಟ್ಟುತ್ತಿದ್ದೆ. ‘ಹಲೋ’ ಎಂದರೆ ಸಾಕು, ಪಾವಗಡದ ಕಡಲೆಕಾಯಿ ಮಂಡಿಯವರೋ ಶಿರಾದ ಬಟ್ಟೆಯಂಗಡಿಯವರೋ ಹೇಳುತ್ತಿದ್ದೆ. ಇಬ್ಬರಿಗೂ ಲೈನು ಸರಿಯಾಗಿ ಕೇಳದಿದ್ದರೆ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವುದು ನಮ್ಮ ಕೆಲಸ. ಒಂದಕ್ಷರ ಸೇರಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಎಷ್ಟು ಸಾವಿನ ಸುದ್ದಿ, ಎಷ್ಟು ಹೆರಿಗೆಯ ಸುದ್ದಿ ನನ್ನ ಬಾಯಿಂದ ದಾಟಿವೆ. ಈಗ ಆ ಕಟ್ಟಡಕ್ಕೆ ಬೀಗ.

ಕರೀಮ್ ಸಾಬ್ ಮೈಕು ಬಿಚ್ಚಿದರು, ತಂತಿ ಬದಲಿಸಿದರು, ತಮ್ಮ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ನನಗೂ ಕೊಟ್ಟರು. ಸಣ್ಣ ದನಿ.

"ಮೈಕು ಬರಾಬರ್ ಐತೆ ಜಗದಾಂಬಮ್ಮ. ವೈರೂ ಬರಾಬರ್. ಕಂಪ್ಯೂಟ್ರೂ ಬರಾಬರ್. ಇನ್ನು ಉಳಿದಿರೋದು..." ಎಂದು ನನ್ನ ಮುಖ ನೋಡಿ ನಿಲ್ಲಿಸಿದರು. "ಚಾಯ್ ಕುಡೀರಿ."

ವ್ಯಾಪಾರಸ್ಥರು ತಮ್ಮ ಸಾಮಾನಿನ ದೋಷವನ್ನು ಎಂದಾದರೂ ಪೂರ್ತಿ ಹೇಳಿದ್ದುಂಟೇ?

ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ತೋರಿಸಿದರು. ದನಿ ಒಳಗೆ ಬಂದರೆ ಹಸಿರಾಗಿ ಏರುತ್ತದೆ, ಜಾಸ್ತಿಯಾದರೆ ಕೆಂಪಾಗುತ್ತದೆ. "ಕಿವಿ ಬುಟ್ಬುಡಿ, ಇದನ್ನ ನೋಡಿ. ಹಸಿರು ಕುಣೀತಿದ್ರೆ ನಿಮ್ಮ ಆವಾಜ್ ಹೋಗ್ತೈತೆ ಅಂತ ಲೆಕ್ಕ. ಕೈ ಹಚ್ಚಬ್ಯಾಡಿ."

ನಾನು ಒಪ್ಪುವುದಿಲ್ಲ. ಎಕ್ಸ್‌ಚೇಂಜಿನಲ್ಲೂ ದೀಪ ಉರಿಯುತ್ತಿತ್ತು, ತಂತಿಯಲ್ಲಿ ಪ್ರಾಣವಿರುತ್ತಿರಲಿಲ್ಲ. ದೀಪ ನಂಬಿ ‘ಮಾತಾಡಿ’ ಎಂದವಳು ಆಪರೇಟರ್ ಅಲ್ಲ. ಕಿವಿಗೆ ಬಿದ್ದರೆ ಮಾತ್ರ ಲೈನು.

೧೯ ಜೂನ್, ಗುರುವಾರ

ಬಂಡೆಪಾಳ್ಯದಲ್ಲಿ ತಾಲೀಮು. ಮುನಿಯಮ್ಮನ ಮನೆಯ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಪ್ರಸಾರ ಶುರು ಮಾಡಿದೆ. ಮುನಿಯಮ್ಮ ಮಾತಾಡಿದರು. ಹೆಡ್‌ಫೋನಿನಲ್ಲಿ ಏನೂ ಇಲ್ಲ. ಮೈಕನ್ನು ಬಾಯಿಗೆ ಹತ್ತಿರ ಹಿಡಿದರೂ ಇಲ್ಲ. ಗುಂಡಿ ತಿರುಗಿಸಿದೆ. ನೋಡುತ್ತಿದ್ದವರು ಬರೆಯತೊಡಗಿದರು: ‘ಮೇಡಂ ಸೌಂಡ್ ಒಡೀತಿದೆ’, ‘ಕಮ್ಮಿ ಮಾಡಿ’, ‘ಕಿವಿ ನೋವು’. ಕ್ರಷರ್‌ನವರ ಕಡೆಯ ಹುಡುಗರು ಬೇಕೆಂದೇ ಬರೆಯುತ್ತಿರಬೇಕು.

ಆ ಪಟ್ಟಿಯ ಬಣ್ಣವೂ ಬಯಲಾಯಿತು. ಯಾರೂ ಮಾತಾಡದಿದ್ದಾಗಲೂ ಅದು ಒಂದೇ ಸಮನೆ ಅಲ್ಲಾಡುತ್ತಿತ್ತು. ಮುನಿಯಮ್ಮ ಬಾಯಿ ಮುಚ್ಚಿದ್ದಾರೆ, ನಾನು ಮುಚ್ಚಿದ್ದೇನೆ, ಕ್ರಷರನ್ನೂ ನಿಲ್ಲಿಸಿದ್ದಾರೆ, ಪಟ್ಟಿ ಮಾತ್ರ ಕುಣಿಯುತ್ತದೆ. ಇಂಥ ಸುಳ್ಳುಗಾರ ಪಟ್ಟಿಯನ್ನು ನಂಬಬೇಕಂತೆ.

"ಕ್ರಷರ್ ನಿಲ್ಲಿಸಿದ್ದಾರಲ್ಲ, ನೋಡಿದೆಯಾ ಇವರ ನಾಟಕ?" ಎಂದೆ ದಾಸಮ್ಮನಿಗೆ. ಅವಳು ಬೆಟ್ಟದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಹತ್ತಿರ ಬಂದು, "ಬಿಸ್ಲು ಜಾಸ್ತಿ ಕಣಮ್ಮ, ವಳೀಕ್ ಬಾ, ಮಜ್ಜಿಗೆ ಕುಡಿ," ಎಂದು ಜೋರಾಗಿ ಹೇಳಿದಳು. ಈ ಊರಿನವರು ಯಾಕೆ ಹೀಗೆ ಕೂಗಾಡುತ್ತಾರೋ. ಜಗುಲಿಯ ತುಂಬ ಬಿಳಿ ದೂಳು, ಮಜ್ಜಿಗೆಯಲ್ಲೂ ದೂಳು.

೨೬ ಜೂನ್, ಗುರುವಾರ

ವಕೀಲೆ ಮೆಹರುನ್ನಿಸಾ ನಮ್ಮ ಪರವಾಗಿ ಆಕ್ಷೇಪಣೆ ಸಿದ್ಧಪಡಿಸುತ್ತಿದ್ದಾರೆ. ಮೊದಲೆಲ್ಲ ಫೋನು ಮಾಡುತ್ತಿದ್ದವರು ಈಗ ಏನಿದ್ದರೂ ಬರೆದು ಕಳಿಸುತ್ತಾರೆ. ಈಗಿನವರಿಗೆ ಬಾಯಿ ಬಿಟ್ಟು ಮಾತಾಡುವುದೂ ಶ್ರಮ.

ಇವತ್ತು ಕೋರ್ಟಿನ ಹತ್ತಿರ ಸಿಕ್ಕರು. ಪಕ್ಕಕ್ಕೆ ಕರೆದು, "ಮೇಡಂ, ತಪ್ಪು ತಿಳೀಬೇಡಿ. ತುಮಕೂರಲ್ಲಿ ನಮ್ಮ ಅಬ್ಬಾಗೆ ತೋರಿಸಿದ ಕಿವಿ ಡಾಕ್ಟ್ರಿದ್ದಾರೆ. ಒಂದ್ಸಲ..." ಎಂದರು.

ನನಗೆ! ಮೂವತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವಳಿಗೆ! ಇಲಾಖೆ ವರ್ಷವರ್ಷ ಪರೀಕ್ಷೆ ಮಾಡಿಸುತ್ತಿತ್ತು, ಒಂದೇ ಒಂದು ಸಲ ತಪ್ಪಿದವಳಲ್ಲ. "ನೀವು ನಿಮ್ಮ ಅರ್ಜಿ ನೋಡಿಕೊಳ್ಳಿ, ನಾನು ನನ್ನ ಮೈಕು ನೋಡಿಕೊಳ್ಳುತ್ತೇನೆ" ಎಂದೆ. ಕೋರ್ಟಿನ ಜಗುಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನೇನು ಕೂಗಿರಲಿಲ್ಲ.

"ಹಾಗಾದ್ರೆ ಅವತ್ತು ಹೆಡ್‌ಫೋನ್ ದಾಸಮ್ಮನಿಗೆ ಕೊಡಿ," ಎಂದರು. ಬೆನ್ನು ತಿರುಗಿಸಿ ಹೊರಟೆ.

೨ ಜುಲೈ, ಬುಧವಾರ

ಎಲ್ಲ ಸಿದ್ಧ. ಎರಡು ತಂತಿ, ಎರಡು ಬ್ಯಾಟರಿ. ರಾಜಿ ಈಚೆಗೆ ಕರೆಯುವುದನ್ನೇ ಬಿಟ್ಟು ಬಂದು ಭುಜ ಮುಟ್ಟುತ್ತಾಳೆ. ವಯಸ್ಸಾದ ಮೇಲೆ ಅಕ್ಕನ ಮೇಲೆ ಪ್ರೀತಿ ಬಂದಿರಬೇಕು.

೩ ಜುಲೈ, ಗುರುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಅಧಿಕಾರಿಗಳಿಗೆ ಸೋಫಾ, ಜನಕ್ಕೆ ಜಮಖಾನೆ. ಕ್ರಷರ್‌ನ ಮ್ಯಾನೇಜರ್ ಮೊದಲು ಮಾತಾಡಿದ. ಸಭೆಯ ಮೈಕನ್ನೂ ನನ್ನ ಮೈಕನ್ನೂ ಸೇರಿಸಿ ಹಿಡಿದು ಗಂಟಲು ಹರಿದುಕೊಂಡ. ಶಾಲೆಗೆ ಬಣ್ಣ ಹೊಡೆಸಿದ್ದು, ಗುಡಿಗೆ ಗೇಟು ಕೊಟ್ಟದ್ದು. ಅದು ನನ್ನ ಹೆಡ್‌ಫೋನಿನಲ್ಲಿ ಕೇಳಿಸಿತು. ಸರಿ, ಲೈನು ಇದೆ ಎಂದುಕೊಂಡೆ.

ಆಮೇಲೆ ಮುನಿಯಮ್ಮನನ್ನು ದಾಸಮ್ಮ ಕೈ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದಳು. ಸಭೆಯ ಮೈಕನ್ನು ಯಾರೋ ಅಷ್ಟರಲ್ಲಿ ತೆಗೆದುಕೊಂಡು ಹೋಗಿದ್ದರು. ಮುನಿಯಮ್ಮ ನನ್ನ ಮೈಕಿನ ಎದುರು ಸೆರಗು ಸರಿಮಾಡಿಕೊಂಡು ಬಾಯಿ ತೆರೆದರು.

ಏನೂ ಇಲ್ಲ.

ತುಟಿ ಆಡುತ್ತಿದೆ. ಹೆಡ್‌ಫೋನಿನಲ್ಲಿ ಸತ್ತ ಲೈನು. ಪಟ್ಟಿ ಅಲ್ಲಾಡುತ್ತಿತ್ತು, ಆದರೆ ಆ ಪಟ್ಟಿ ಯಾರೂ ಮಾತಾಡದಿದ್ದಾಗಲೂ ಅಲ್ಲಾಡುವುದನ್ನು ನಾನೇ ಕಂಡಿದ್ದೇನೆ. ನೋಡುಗರು ‘ಕ್ಲಿಯರ್ ಆಗಿ ಕೇಳಿಸ್ತಿದೆ’ ಎಂದು ಬರೆಯುತ್ತಿದ್ದರು. ಬರೆದದ್ದು ಪರದೆಗೆ ತಡವಾಗಿ ಬರುತ್ತದೆ, ಅದು ಮ್ಯಾನೇಜರನ ಮಾತಿಗೆ ಎಂದುಕೊಂಡೆ. ಸೆಟ್ಟಿಂಗಿನಲ್ಲಿ ಮೈಕಿನ ಹೆಸರು ಬದಲಾಗಿದೆಯೋ ನೋಡಿದೆ. ಇನ್ನೊಂದಕ್ಕೆ ಬದಲಿಸಿದೆ. ಇಲ್ಲ. ತಂತಿ ಕಿತ್ತು ಬೇರೆ ತಂತಿ ಹಾಕಿದೆ. ಇಲ್ಲ. ದಾಸಮ್ಮ ನನ್ನ ಕಡೆ ಎರಡೂ ಕೈ ಅಡ್ಡ ಬೀಸುತ್ತಿದ್ದಳು. ಬೇಗ ಸರಿಮಾಡು ಎನ್ನುತ್ತಿದ್ದಾಳೆ ಎಂದು ಪ್ರಸಾರವನ್ನೇ ನಿಲ್ಲಿಸಿ, ಲ್ಯಾಪ್‌ಟಾಪ್ ಆರಿಸಿ, ಮತ್ತೆ ಹೊತ್ತಿಸಿದೆ.

ಅದು ಏಳುವ ಹೊತ್ತಿಗೆ ಮುನಿಯಮ್ಮ ಕುರ್ಚಿಯಲ್ಲಿರಲಿಲ್ಲ. ಜಮಖಾನೆಯ ಮೇಲೆ ಬಾಗಿ ಕೆಮ್ಮುತ್ತಿದ್ದರು.

ಎದ್ದು ನಿಂತು ಹೇಳಿದೆ: "ಸ್ವಾಮಿ, ನಿಮ್ಮ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ದಿನವಿಡೀ ಗುಡುಗುವ ಕ್ರಷರನ್ನು ನೀವು ಬರುತ್ತೀರೆಂದು ಇವತ್ತು ನಿಲ್ಲಿಸಿದ್ದಾರೆ. ಒಂದು ಸದ್ದಾದರೂ ಇದೆಯೇ ಕೇಳಿ!"

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸೋಫಾದಲ್ಲಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ಗುಮಾಸ್ತ ಏನೋ ಬರೆದುಕೊಂಡ. ನಿಜ ಹೇಳಿದರೆ ನಗುವ ಸರ್ಕಾರ. ನಮ್ಮ ಕಡೆಯವರಾದರೂ ಎದ್ದು ನಿಲ್ಲಬೇಡವೇ? ದಾಸಮ್ಮ ತಲೆ ತಗ್ಗಿಸಿದ್ದಳು. ಮೆಹರುನ್ನಿಸಾ ಕಣ್ಣು ಮುಚ್ಚಿಕೊಂಡಿದ್ದರು.

೪ ಜುಲೈ, ಶುಕ್ರವಾರ

ರಾಜಿಗೆ ನಿನ್ನೆಯ ಪ್ರಸಾರ ಹಾಕಿ ತೋರಿಸಿದೆ, ಮೈಕು ಎಲ್ಲಿ ಸತ್ತಿತು ಹೇಳು ಎಂದೆ. ಅವಳು ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದಳು: "ಎಲ್ಲೂ ಸತ್ತಿಲ್ಲ ಅಕ್ಕ. ಮುನಿಯಮ್ಮ ‘ನನ್ ಗಂಡ ರಂಗಯ್ಯ’ ಅಂತಾಳೆ, ನೀಟಾಗಿ ಕೇಳ್ತೈತೆ. ಆಮೇಲೆ ನೀನು ಬಂದ್ ಮಾಡ್ಬುಟ್ಟಿದ್ದೀಯ."

ಸುಳ್ಳು. ನೆಟ್‌ವರ್ಕಿಗೆ ಅವರೇ ಏನೋ ಮಾಡಿದ್ದಾರೆ.

೫ ಜುಲೈ, ಶನಿವಾರ

ಊಟ ಸೇರಲಿಲ್ಲ.

೧೮ ಜುಲೈ, ಶುಕ್ರವಾರ

ನಡವಳಿಯ ಪ್ರತಿ ಬಂತು. ಮೆಹರುನ್ನಿಸಾ ಮನೆಗೇ ತಂದು ಕೊಟ್ಟರು. ನಮಗೆ ಸಂಬಂಧಿಸಿದ್ದು ಎರಡು ಸಾಲು. ‘ಮುನಿಯಮ್ಮ ಎಂಬುವರ ಹೇಳಿಕೆ ಅಸ್ಪಷ್ಟವಾಗಿದ್ದು ದಾಖಲಿಸಲಾಗಲಿಲ್ಲ. ಆಕ್ಷೇಪಣಾದಾರರ ಪೈಕಿ ಶ್ರೀಮತಿ ಜಗದಾಂಬ ಅವರು ಘಟಕವು ಚಾಲನೆಯಲ್ಲಿದ್ದ ಸಮಯದಲ್ಲೇ ಯಾವುದೇ ಸದ್ದಿಲ್ಲವೆಂದು ಸಭೆಯ ಮುಂದೆ ತಿಳಿಸಿರುತ್ತಾರೆ.’

ಚಾಲನೆಯಲ್ಲಿದ್ದ ಸಮಯದಲ್ಲೇ.

ಅಂದು ಸ್ವಾಗತಿಸಿದರು ಎಂದು ಬರೆದ ಕಚೇರಿಯವರೇ ಇವರೂ, ಸುಳ್ಳು ಬರೆಯುವುದು ಇವರ ರಕ್ತದಲ್ಲಿದೆ ಎಂದೆ. ಮೆಹರುನ್ನಿಸಾ ಮೇಜಿನ ಮೇಲಿದ್ದ ಪತ್ರಿಕೆಯ ಅಂಚಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು: ‘ಈ ಒಂದು ಸಾಲು ಸುಳ್ಳಲ್ಲ ಮೇಡಂ.’

ಅವರನ್ನು ಬಾಗಿಲವರೆಗೆ ಕಳಿಸಲಿಲ್ಲ.

೨೨ ಜುಲೈ, ಮಂಗಳವಾರ

ಬೀದಿಯಲ್ಲಿ ಹಾಲಿನವನು ಬಂದದ್ದು ತಿಳಿಯಲಿಲ್ಲ. ಕುಕ್ಕರ್ ತಳ ಸೀದಿತ್ತು. ವಾಸನೆಗೆ ಎದ್ದೆ.

೩೦ ಜುಲೈ, ಬುಧವಾರ

ಮೆಹರುನ್ನಿಸಾ ಬರೆದು ಕಳಿಸಿದ್ದಾರೆ. ಮೇಲ್ಮನವಿ ಹಾಕುತ್ತಾರಂತೆ. ಮುನಿಯಮ್ಮನ ಹೇಳಿಕೆ ಅವರ ದನಿಯಲ್ಲೇ ಬೇಕು. ಆದರೆ ಮುನಿಯಮ್ಮ ಹಾಸಿಗೆ ಹಿಡಿದಿದ್ದಾರೆ, ತುಮಕೂರಿನಿಂದ ಮನೆಗೆ ಕಳಿಸಿಬಿಟ್ಟಿದ್ದಾರೆ. ‘ಬೇಗ ಹೋಗೋಣ. ನೀವೂ ಬನ್ನಿ. ಅವರಿಗೆ ನೀವೇ ಬೇಕಂತೆ, ನೇರಪ್ರಸಾರವೇ ಆಗಬೇಕಂತೆ.’

ನಾನೇ ಬೇಕಂತೆ.

೨ ಆಗಸ್ಟ್, ಶನಿವಾರ

ಬಂಡೆಪಾಳ್ಯಕ್ಕೆ ಹೋಗಿ ಬಂದೆವು.

ಮುನಿಯಮ್ಮ ಒಳಮನೆಯಲ್ಲಿ ಮಂಚದ ಮೇಲೆ ಮಲಗಿದ್ದರು. ಅಷ್ಟು ಸಣ್ಣಗಾಗಿದ್ದರು, ಕಂಬಳಿಯ ಕೆಳಗೆ ಮನುಷ್ಯರಿದ್ದಾರೆ ಎನ್ನಿಸುವಂತಿರಲಿಲ್ಲ. ನನ್ನನ್ನು ಕಂಡು ಕೈ ಎತ್ತಿದರು. ನಾನು ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಟು, ಮೈಕನ್ನು ದಿಂಬಿಗೆ ಒರಗಿಸಿದೆ. ಹೆಡ್‌ಫೋನ್ ಕೈಗೆ ತೆಗೆದುಕೊಂಡೆ. ಹಾಕಿಕೊಳ್ಳಲಿಲ್ಲ. ದಾಸಮ್ಮನ ತಲೆಗೆ ಹಾಕಿದೆ.

"ಇದು ಕೆಟ್ಟಿದೆ. ನಿನಗೇನಾದರೂ ಕೇಳಿಸುತ್ತದೆಯೋ ನೋಡು," ಎಂದೆ.

ದಾಸಮ್ಮ ನನ್ನ ಮುಖ ನೋಡಿದಳು. ಮಂಚದ ಆಚೆ ನನ್ನ ಎದುರಾಗಿ ಕೂತಳು.

ಪ್ರಸಾರ ಶುರುವಾಯಿತು. ಮುನಿಯಮ್ಮನ ತುಟಿ ಆಡಿತು. ನಿಂತಿತು. ಮತ್ತೆ ಆಡಿತು. ದಾಸಮ್ಮ ಒಂದೊಂದು ಮಾತನ್ನೂ ನನ್ನ ಕಡೆ ತಿರುಗಿ, ಬಾಯಿ ಅಗಲಿಸಿ, ಜೋರಾಗಿ ಹೇಳಿದಳು.

"ನನ್ ಗಂಡ ರಂಗಯ್ಯ. ಬಾಯ್ಗೆ ಟವಲ್ ಕಟ್ಕಂಡಿದ್ದ. ಟವಲ್ ಒಳ್ಗೂ ಬೆಳ್ಳಗಿರ್ತಿತ್ತು."

"ಚಿಕ್ಕಹನುಮಯ್ಯ. ಮಗಳ ಮದ್ವೆ ದಿವ್ಸ ಚಪ್ರದಾಗೇ ರಕ್ತ ಕಕ್ಕಿದ."

"ಸಣ್ಣೀರಮ್ಮ. ಎದೆ ಹಾಲು ಕುಡ್ಸ್ಕಂತ ಜಲ್ಲಿ ಹೊರ್ತಿದ್ಲು. ಮೊದ್ಲು ಕೂಸೋಯ್ತು, ಆಮೇಲೆ ಅವ್ಳು."

"ಮುತ್ತುರಾಜ್. ಮೀಸೆ ಬಂದಿರ್ನಿಲ್ಲ."

ದಾಸಮ್ಮ ಒಂದಕ್ಷರ ಸೇರಿಸಲಿಲ್ಲ, ಬಿಡಲಿಲ್ಲ. ಟ್ರಂಕ್ ಲೈನಿನಲ್ಲಿ ನಾನು ಮಾಡುತ್ತಿದ್ದ ಕೆಲಸ. ಸಣ್ಣೀರಮ್ಮನ ಹೆಸರು ಬಂದಾಗ ಒಂದು ಸಲ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಂದೆ ಹೇಳಿದಳು. ಮೆಹರುನ್ನಿಸಾ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದರು. ನಾನು ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಮುನಿಯಮ್ಮನ ಕೈ ಹಿಡಿದು ಪಟ್ಟಿಯನ್ನು ನೋಡುತ್ತ ಕೂತೆ. ಮುನಿಯಮ್ಮನ ಒಂದೊಂದು ಉಸಿರಿಗೂ ಅದು ಸ್ವಲ್ಪ ಏರುತ್ತಿತ್ತು.

ಇನ್ನೂ ಹೆಸರುಗಳಿದ್ದವು. ಎಲ್ಲ ಹೇಳಿದರು. ಕೊನೆಗೆ ತುಟಿ ನಿಂತಿತು, ಕಣ್ಣು ಮುಚ್ಚಿತು, ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಕಂಬಳಿ ಮಾತ್ರ ಮೆಲ್ಲಗೆ ಏರಿಳಿಯುತ್ತಿತ್ತು. ನಿದ್ದೆ.

ಪಟ್ಟಿ ಇಳಿಯಲಿಲ್ಲ.

ದಾಸಮ್ಮ ಸುಮ್ಮನಿದ್ದಳು. ಮೆಹರುನ್ನಿಸಾ ಸುಮ್ಮನಿದ್ದರು. ಹಸಿರು ಪಟ್ಟಿ ಒಂದೇ ಸಮನೆ ಅಲ್ಲಾಡುತ್ತಿತ್ತು. ಜೂನಿನಲ್ಲಿ ಜಗುಲಿಯ ಮೇಲೆ ಅಲ್ಲಾಡಿದ ಹಾಗೇ. ಶಾಮಿಯಾನದಲ್ಲಿ ಅಲ್ಲಾಡಿದ ಹಾಗೇ.

"ಇನ್ಯಾರು ಮಾತಾಡುತ್ತಿದ್ದಾರೆ?" ಎಂದೆ.

ದಾಸಮ್ಮ ಹೆಡ್‌ಫೋನ್ ತೆಗೆದು ಎದ್ದು ಬಂದಳು. ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದಳು. "ಯಾರೂ ಇಲ್ಲ ಕಣಮ್ಮ. ಕ್ರಷರು."

"ನಿಲ್ಲಿಸಿದ್ದಾರಲ್ಲ."

"ಅದ್ಯಾವತ್ತಮ್ಮ ನಿಂತಿತ್ತು?"

ಕಿಟಕಿಯ ಸರಳಿನ ಮೇಲೆ ಅಂಗೈ ಇಟ್ಟೆ. ಕಬ್ಬಿಣ ಸಣ್ಣಗೆ ನಡುಗುತ್ತಿತ್ತು.

ಪ್ರಸಾರ ನಿಲ್ಲಿಸುವ ಗುಂಡಿಯ ಮೇಲೆ ಮೆಹರುನ್ನಿಸಾ ಬೆರಳಿಡಲು ಬಂದರು. ಬೇಡ ಎಂದು ಅವರ ಕೈ ಹಿಡಿದೆ. ಮೈಕನ್ನು ದಿಂಬಿನಿಂದ ಎತ್ತಿ, ಕಿಟಕಿಯ ಆಚೆ, ಬೆಟ್ಟದ ಕಡೆಗೆ ತಿರುಗಿಸಿ ಇಟ್ಟೆ. ಪಟ್ಟಿ ಹಸಿರು ದಾಟಿ ಕೆಂಪಿಗೆ ಏರಿತು. ಅದನ್ನು ಕಮ್ಮಿ ಮಾಡಲಿಲ್ಲ.